ದೊಡ್ಡಪ್ಪನಿಗೆ ಹುಷಾರಿಲ್ಲ

ಆ ಕಚೇರಿಯ ಹೊರಗೆ ‘ನದಿ ನೀರಿನ ಮಟ್ಟ ಮಾಪನ ಕಚೇರಿ’ ಎಂಬ ಬೋರ್ಡಿತ್ತು. ಒಳಗೆ ನೀರಿಗೆ ಸಂಬಂಧಪಟ್ಟದ್ದು ಎಂದರೆ ಮೂಲೆಯಲ್ಲಿ ತೊಟ್ಟಿಕ್ಕುತ್ತಿದ್ದ ಫಿಲ್ಟರ್ ಒಂದೇ. ಅಲ್ಲಿ ನಡೆಯುತ್ತಿದ್ದದ್ದು ಗುಪ್ತಚರ ಇಲಾಖೆಯ ಕೆಲಸ. ಗಡಿಯಾಚೆಯ ರೇಡಿಯೋ ಮಾತುಗಳನ್ನು ಕೇಳುವುದು, ಆ ಕಡೆಯ ಪತ್ರಿಕೆಗಳನ್ನು ಓದುವುದು, ಅದರಲ್ಲಿ ಕಾಳೆಷ್ಟು ಜೊಳ್ಳೆಷ್ಟು ಎಂದು ನೋಡಿ, ಉಳಿದದ್ದನ್ನು ಸಂಕೇತ ಭಾಷೆಗೆ ತಿರುಗಿಸಿ ಕೇಂದ್ರ ಕಚೇರಿಗೆ ಕಳಿಸುವುದು. ಇದು ಬೀದಿಯ ಜನಕ್ಕೆ ಗೊತ್ತಿರಲಿಲ್ಲ. ಅವರು ಬೋರ್ಡನ್ನು ನಂಬಿ ನಲ್ಲಿಯಲ್ಲಿ ನೀರು ಬಾರದಿದ್ದಾಗಲೆಲ್ಲ ಅರ್ಜಿ ಹಿಡಿದು ಬರುತ್ತಿದ್ದರು.

ಅಂಥ ಅರ್ಜಿಗಳನ್ನು ತೆಗೆದುಕೊಳ್ಳುತ್ತಿದ್ದವರು ಮೇಡಂ. ಕಚೇರಿಯಲ್ಲಿ ಅವರದು ಎರಡನೇ ಸ್ಥಾನ. ಗುಟ್ಟಿನ ಕೆಲಸದ ನಡುವೆಯೇ ಎಲ್ಲೆಲ್ಲಿಗೋ ಫೋನು ಮಾಡಿ, ಎರಡು ಬೀದಿಗಳ ಪೈಪು ರಿಪೇರಿ ಮಾಡಿಸಿದ ಕೀರ್ತಿ ಅವರಿಗಿತ್ತು. ಮನೆಯಲ್ಲಿದ್ದವರು ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ ಮತ್ತು ಅತ್ತೆ. ಸೊಸೆ ನೀರಿನ ಇಲಾಖೆಯವಳು ಎಂದೇ ಅತ್ತೆಗೆ ಗೊತ್ತಿದ್ದದ್ದು. ಸ್ನಾನದ ಮಧ್ಯೆ ನೀರು ನಿಂತರೆ ಬಚ್ಚಲಿನೊಳಗಿಂದಲೇ, “ನಿಮ್ಮೋರಿಗೆ ಸ್ವಲ್ಪ ಹೇಳಬಾರದಾ?” ಎಂದು ಕೂಗುತ್ತಿದ್ದರು.

ಆ ವರ್ಷ ನೆರೆಯ ದೇಶದ ಜೊತೆ ಮಾತು ಕೆಟ್ಟಿತ್ತು. ಕೇಂದ್ರ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಯುದ್ಧ ಶುರುವಾದರೆ ಪ್ರತಿ ಶಾಖೆಯೂ ಹೇಗೆ ಕೆಲಸ ಮುಂದುವರಿಸುತ್ತದೆ ಎಂಬುದಕ್ಕೆ ಒಂದು ಯೋಜನೆ ಬರೆದು ಕಳಿಸಬೇಕು. ಕಟ್ಟಡ ಹೋದರೆ ಎಲ್ಲಿ ಕೂರುವುದು, ಮುಖ್ಯಸ್ಥರು ಸತ್ತರೆ ಯಾರ ಮಾತು ನಡೆಯುವುದು, ಯಾವ ಕಾಗದ ಸುಡುವುದು, ಫೋನು ಸತ್ತಾಗ ಸಿಬ್ಬಂದಿಯನ್ನು ಕರೆಸುವುದು ಹೇಗೆ. ಆಮೇಲೆ ಒಬ್ಬ ವೀಕ್ಷಕರು ಬರುತ್ತಾರೆ. ಅವರ ಮುಂದೆ ಎಲ್ಲವನ್ನೂ ಒಮ್ಮೆ ಮಾಡಿ ತೋರಿಸಬೇಕು.

ಕಚೇರಿಯ ಮುಖ್ಯಸ್ಥರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಗುಪ್ತಚರ ಇಲಾಖೆಯಲ್ಲಿ ತಲೆ ಹಣ್ಣಾಗಿದ್ದರೂ ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳಹೋದರೆ ಕಿವಿ ಕೆಂಪಾಗುತ್ತಿತ್ತು. ಅವರು ಸುತ್ತೋಲೆಯನ್ನು ತೋಳಿನಷ್ಟು ದೂರ ಹಿಡಿದು ಓದಿ, “ಮೇಡಂ, ಇದು ನಿಮ್ಮ ಕೈಲಿ ಚೆನ್ನಾಗಿ ಬರುತ್ತೆ” ಎಂದು ದಾಟಿಸಿಬಿಟ್ಟರು.

ಮೇಡಂ ಸಭೆ ಕರೆದರು. ಕ್ಯಾಷಿಯರ್ ಬಂದರು, ರೇಡಿಯೋ ಕೇಳುವ ಇಬ್ಬರು ಬಂದರು, ಡ್ರೈವರ್ ಬಂದು ಬಾಗಿಲಲ್ಲಿ ನಿಂತ. ಸಂಕೇತ ಭಾಷೆಯ ಗುಮಾಸ್ತನೂ ಬಂದು ಕೂತ. ಅವನಿಗೆ ಮೌನಿ ಎಂದೇ ಹೆಸರು ಬಿದ್ದಿತ್ತು. ದಿನವಿಡೀ ಬೇರೆಯವರ ಮಾತನ್ನು ಅಂಕಿಗಳಾಗಿಸಿ ಅವನಿಗೆ ಮಾತೇ ಸಾಕಾಗಿತ್ತು.

“ಮೊದಲನೇದು,” ಎಂದರು ಮೇಡಂ, “ಸಾಹೇಬರು ತೀರಿಕೊಂಡರೆ—”

“ನೋಡಿ,” ಎಂದರು ಸಾಹೇಬರು, “ತೀರಿಕೊಂಡರೆ ಅಂತಾನೇ ಬರೀಬೇಕಾ?”

“ಸುತ್ತೋಲೆಯಲ್ಲಿ ಹಾಗೇ ಇದೆ ಸರ್.”

“ಲಭ್ಯವಿಲ್ಲದಿದ್ದರೆ ಅಂತ ಬರೀರಿ. ಅದರಲ್ಲಿ ಎಲ್ಲಾ ಬಂತು.”

ಕ್ಯಾಷಿಯರ್ ಗಂಟಲು ಸರಿಮಾಡಿಕೊಂಡರು. “ಲಭ್ಯವಿಲ್ಲ ಅಂದ್ರೆ ರಜೆ ಹಾಕಿದ್ದಾರೆ ಅಂತ ತಿಳ್ಕೋತಾರೆ ಸರ್. ಯುದ್ಧದ ಟೈಮಲ್ಲಿ ಇವರಿಗೆ ರಜೆ ಕೊಟ್ಟೋರು ಯಾರು ಅಂತ ಆಡಿಟ್‌ನೋರು ನನ್ನ ಕೇಳ್ತಾರೆ. ತೀರಿಕೊಂಡ್ರೆ ಆ ತಾಪತ್ರಯ ಇಲ್ಲ.”

ಸಾಹೇಬರು ಕಿಟಕಿಯ ಕಡೆ ತಿರುಗಿ ಕೂತರು. ಆ ವಾಕ್ಯ ಹಾಗೇ ಉಳಿಯಿತು.

ಕಾಗದ ಸುಡುವ ಅಭ್ಯಾಸವೂ ನಡೆಯಿತು. ನಿಜವಾದ ಗುಟ್ಟಿನ ಕಾಗದಗಳನ್ನು ಅಭ್ಯಾಸಕ್ಕೆ ಸುಡಲಾಗದು. ಹಾಗಾಗಿ ಬೋರ್ಡಿನ ಮರ್ಯಾದೆ ಉಳಿಸಲೆಂದು ವರ್ಷಗಟ್ಟಲೆ ಬರೆದಿಟ್ಟ ಸುಳ್ಳು ನೀರಿನ ಮಟ್ಟದ ವರದಿಗಳನ್ನು ಹಿತ್ತಲಿನ ತಗಡಿನ ಡ್ರಮ್ಮಿಗೆ ತುಂಬಿ ಬೆಂಕಿ ಹಚ್ಚಿದರು. ಅವು ಉರಿಯುವ ಬದಲು ಹೊಗೆಯಾಡಿದವು. ಪಕ್ಕದ ಮನೆಯ ಟೈಲರ್ ಹೆಂಗಸು ಬಕೆಟ್ ಹೊತ್ತು ಓಡಿಬಂದು ಡ್ರಮ್ಮಿಗೆ ನೀರು ಸುರಿದು, “ನೀರಿನ ಆಫೀಸಿಗೇ ಬೆಂಕಿ ಬಿದ್ದರೆ ನಾವೆಲ್ಲ ಎಲ್ಲಿಗೆ ಹೋಗೋದು?” ಎಂದು ಬೈದು ಹೋದಳು. ಸುಡುವ ಕೆಲಸಕ್ಕೆ ಬೇರೆ ಉಪಾಯ ನೋಡಬೇಕು ಎಂದು ಮೇಡಂ ಬರೆದುಕೊಂಡರು.

ಬದಲಿ ಜಾಗ ಮಾತ್ರ ಸೊಗಸಾಗಿ ಸಿಕ್ಕಿತು. ಊರಂಚಿನಲ್ಲಿ ಮುಚ್ಚಿಹೋದ ಒಂದು ನರ್ಸಿಂಗ್ ಹೋಮ್. ಡಾಕ್ಟರು ಕೆಲಸದಿಂದ ನಿವೃತ್ತರಾಗಿ ಬೀಗ ಹಾಕಿದ್ದರು, ಬೋರ್ಡು ಮಾತ್ರ ಇಳಿಸಿರಲಿಲ್ಲ. ಜನರೇಟರ್ ಇತ್ತು, ದೊಡ್ಡ ನೀರಿನ ತೊಟ್ಟಿ ಇತ್ತು, ಅಡುಗೆಮನೆ ಇತ್ತು, ಮಂಚಗಳು ಗೋಡೆಗೆ ಒರಗಿ ನಿಂತಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ, ನರ್ಸಿಂಗ್ ಹೋಮಿನ ಮುಂದೆ ಹೊತ್ತಲ್ಲದ ಹೊತ್ತಿನಲ್ಲಿ ಗಾಡಿ ನಿಂತರೆ ಯಾರೂ ಯಾಕೆಂದು ಕೇಳುವುದಿಲ್ಲ. ಸದ್ದು ಹೊರಗೆ ಹೋಗದ ಕೋಣೆ ಎಂದರೆ ಆಪರೇಷನ್ ಥಿಯೇಟರ್. ರೇಡಿಯೋ ಯಂತ್ರಗಳನ್ನು ಅಲ್ಲೇ ಇಡುವುದೆಂದಾಯಿತು. “ಯೋಜನೆಯಲ್ಲಿ ಆಪರೇಷನ್ ರೂಮ್ ಅಂತ ಬರೆದರೆ ಸುಳ್ಳೂ ಆಗಲ್ಲ” ಎಂದು ಸಾಹೇಬರು ಮೊದಲ ಸಲ ಖುಷಿಪಟ್ಟರು.

ಇನ್ನು ಉಳಿದದ್ದು ಕರೆಸುವ ಮಾತು. ಫೋನಿಲ್ಲದಾಗ ಡ್ರೈವರ್ ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ, ಬಾಗಿಲಲ್ಲಿ ಯಾರಿದ್ದರೆ ಅವರಿಗೆ ಒಂದು ಮಾತು ಹೇಳಿ ಬರಬೇಕು. ಅದು ಯಾರ ಕಿವಿಗೆ ಬಿದ್ದರೂ ಸಹಜವಾಗಿರಬೇಕು. ಕೇಳಿದವನು ಚೀಲ ಹಿಡಿದು ಹೊರಟು ನಾಲ್ಕು ದಿನ ಮನೆಗೆ ಬಾರದಿದ್ದರೂ ಬೀದಿಯವರು ಪಿಸುಗುಟ್ಟಬಾರದು.

“ನೀರು ಏರಿದೆ ಅಂದ್ರೆ?” ಎಂದರು ಕ್ಯಾಷಿಯರ್.

“ಬೇಸಿಗೆಯಲ್ಲಿ ಯುದ್ಧ ಆದ್ರೆ?” ಎಂದರು ಸಾಹೇಬರು.

ಮೇಡಂ ಸ್ವಲ್ಪ ಯೋಚಿಸಿ ಹೇಳಿದರು: “ದೊಡ್ಡಪ್ಪನಿಗೆ ಹುಷಾರಿಲ್ಲ, ಊರಾಚೆ ನರ್ಸಿಂಗ್ ಹೋಮಿಗೆ ಬರಬೇಕಂತೆ.”

ಸಭೆ ತಲೆದೂಗಿತು. ಚೀಲಕ್ಕೆ ಕಾರಣ ಸಿಕ್ಕಿತು, ನಾಲ್ಕು ದಿನಕ್ಕೆ ಕಾರಣ ಸಿಕ್ಕಿತು, ಹೋಗುವ ಜಾಗವೂ ಅದರಲ್ಲೇ ಇತ್ತು. ಮನೆಯವರು ಇದನ್ನು ನಂಬುತ್ತಾರೆಯೇ ಎಂದು ಎಲ್ಲರೂ ಬಹಳ ಹೊತ್ತು ಚರ್ಚಿಸಿ ನಂಬುತ್ತಾರೆ ಎಂದು ತೀರ್ಮಾನಿಸಿದರು. ನಂಬಿದ ಮೇಲೆ ಅವರು ಏನು ಮಾಡುತ್ತಾರೆ ಎಂದು ಯಾರೂ ಕೇಳಲಿಲ್ಲ.

ಪರೀಕ್ಷೆಗೆ ಒಂದು ಭಾನುವಾರ ಬೆಳಿಗ್ಗೆ ನಿಗದಿಯಾಯಿತು. ವೀಕ್ಷಕರು ಎತ್ತರದ ಮನುಷ್ಯ. ಕೊರಳಲ್ಲಿ ಡ್ರಿಲ್ ಮಾಸ್ತರರಂತೆ ಸ್ಟಾಪ್‌ವಾಚ್ ನೇತುಹಾಕಿಕೊಂಡಿದ್ದರು. ಮಾತು ಕಡಿಮೆ, ಬರೆಯುವುದು ಜಾಸ್ತಿ. ಮೇಡಂ, ಸಾಹೇಬರು ಮತ್ತು ಅವರು, ಮೂವರೂ ನರ್ಸಿಂಗ್ ಹೋಮಿನ ಮುಂದಿನ ಹಾಲಿನಲ್ಲಿ, ಒಂದು ಕಾಲದಲ್ಲಿ ರೋಗಿಗಳು ಕಾಯುತ್ತಿದ್ದ ಬೆಂಚಿನ ಮೇಲೆ ಕೂತರು.

“ಯಾವ ಮನೆಯನ್ನೂ ಬಿಡಬಾರದು. ಇದ್ದ ಮಾತು ಇದ್ದ ಹಾಗೆ ಹೇಳ್ಬೇಕು, ಒಂದು ಅಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ,” ಎಂದು ಮೇಡಂ ಡ್ರೈವರಿಗೆ ಹೇಳಿದರು. ಅವನು ಸ್ಕೂಟರ್ ಹತ್ತಿದ. ವೀಕ್ಷಕರು ಸ್ಟಾಪ್‌ವಾಚಿನ ಗುಂಡಿ ಒತ್ತಿದರು.

ಡ್ರೈವರ್ ಒಳ್ಳೆಯವನು. ಅದೇ ಕಷ್ಟವಾಯಿತು. ಮೊದಲನೇ ಮನೆಯಲ್ಲಿ ಮಾತು ಒಪ್ಪಿಸಿ ಹೊರಟವನನ್ನು ರೇಡಿಯೋದವನ ಹೆಂಡತಿ ನಿಲ್ಲಿಸಿ, “ಏನಾಗಿದೆಯಂತೆ?” ಎಂದು ಕೇಳಿದಳು. ಹುಷಾರಿಲ್ಲ ಎಂದವನು ಏನೆಂದು ಹೇಳದೆ ಹೋದರೆ ಸಂಶಯ ಬಾರದೇ? “ಜ್ವರ” ಎಂದ. ಎರಡನೇ ಮನೆಯಲ್ಲಿ, ಬರೀ ಜ್ವರಕ್ಕೆ ನರ್ಸಿಂಗ್ ಹೋಮ್ ಯಾಕೆ ಎಂದರು. “ತಲೆ ಸುತ್ತಿ ಬಿದ್ದುಬಿಟ್ರು” ಎಂದ. ಮೂರನೆಯದರಲ್ಲಿ, ಬಿದ್ದವರಿಗೆ ಮಾತು ಇದೆಯಾ ಎಂದು ಕೇಳಿದರು. ಹೀಗೆ ಮನೆಯಿಂದ ಮನೆಗೆ ದೊಡ್ಡಪ್ಪನ ಸ್ಥಿತಿ ಹದಗೆಡುತ್ತಾ ಹೋಗಿ, ಮೇಡಂ ಮನೆಗೆ ಬರುವ ಹೊತ್ತಿಗೆ, “ಉಸಿರು ಮಾತ್ರ ಇದೆ, ಎಲ್ಲರನ್ನೂ ನೋಡಬೇಕು ಅಂತಿದಾರೆ” ಎನ್ನುವಲ್ಲಿಗೆ ಮುಟ್ಟಿತ್ತು. ಮೇಡಂ ಅದಾಗಲೇ ನರ್ಸಿಂಗ್ ಹೋಮಿನಲ್ಲೇ ಇರುವುದು ಅವನಿಗೂ ಗೊತ್ತಿತ್ತು. ಆದರೆ ಯಾವ ಮನೆಯನ್ನೂ ಬಿಡಬಾರದು ಎಂದು ಹೇಳಿದವರೇ ಅವರು.

ಸಾಹೇಬರ ಮನೆಯಲ್ಲಿ ಮಾತ್ರ ಅವನ ಆಟ ನಡೆಯಲಿಲ್ಲ. ಅವರ ಹೆಂಡತಿ, “ಇವರಿಗೆ ದೊಡ್ಡಪ್ಪ ಯಾರೂ ಇಲ್ಲ, ಇದ್ದಿದ್ರೆ ನನ್ನ ಮದುವೆಗೆ ಬಂದಿರೋರು” ಎಂದು ಬಾಗಿಲು ಹಾಕಿಕೊಂಡರು.

ನರ್ಸಿಂಗ್ ಹೋಮಿನ ಗೇಟಿಗೆ ಮೊದಲು ಬಂದು ನಿಂತದ್ದು ಒಂದು ಬ್ರೆಡ್ಡಿನ ವ್ಯಾನು. ಹಿಂದಿನ ಬಾಗಿಲು ತೆರೆದಾಗ ಮೌನಿಯ ತಾಯಿ ಇಳಿದರು, ಹೆಂಡತಿ ಇಳಿದಳು, ಇಬ್ಬರು ಸೋದರತ್ತೆಯರು ಒಬ್ಬರ ಕೈ ಒಬ್ಬರು ಹಿಡಿದು ಇಳಿದರು. ವ್ಯಾನು ಓಡಿಸಿಕೊಂಡು ಬಂದಿದ್ದ ಭಾವಮೈದುನ ಸೀಟಿನಿಂದ ಧುಮುಕಿದ. ಕೊನೆಗೆ, ಬ್ರೆಡ್ಡಿನ ಟ್ರೇಗಳ ಸಂದಿಯಿಂದ ಮೌನಿ ಹೊರಬಂದ. ಅವನ ಮುಖ ನೋಡಲು ಆಗುತ್ತಿರಲಿಲ್ಲ.

ಮೇಡಂ ಅವನನ್ನು ಕಂಬದ ಮರೆಗೆ ಎಳೆದರು. “ಯಾಕ್ರೀ ಇವರನ್ನೆಲ್ಲ ಕರ್ಕೊಂಡು ಬಂದ್ರಿ?”

“ನಾನು ಕರ್ಕೊಂಡು ಬರಲಿಲ್ಲ,” ಎಂದ ಮೌನಿ. “ಅವರು ನನ್ನನ್ನ ಕರ್ಕೊಂಡು ಬಂದ್ರು.”

ಅಷ್ಟರಲ್ಲಿ ತಾಯಿ ವೀಕ್ಷಕರನ್ನೇ ಡಾಕ್ಟರೆಂದು ತಿಳಿದು, “ನಮ್ಮ ಭಾವನ್ನ ಯಾವಾಗ ತಂದು ಸೇರಿಸಿದ್ರು ಸಾರ್? ಮೊನ್ನೆ ಮಾತಾಡಿದಾಗ ಚೆನ್ನಾಗೇ ಇದ್ರಲ್ಲ?” ಎಂದು ಕೇಳುತ್ತಿದ್ದರು. ವೀಕ್ಷಕರು ಸ್ಟಾಪ್‌ವಾಚನ್ನು ಜೇಬಿಗೆ ಹಾಕಿಕೊಂಡರು.

ಮೇಡಂ ನಡುವೆ ಬಂದರು. “ನಿಮ್ಮ ಭಾವ ಅಲ್ಲಮ್ಮ, ಗಾಬರಿ ಆಗ್ಬೇಡಿ. ನಮ್ಮ ಆಫೀಸಿನ ಹಿರಿಯರೊಬ್ಬರು. ಎಲ್ಲರೂ ಪ್ರೀತಿಯಿಂದ ದೊಡ್ಡಪ್ಪ ಅಂತೀವಿ.”

“ಅಯ್ಯೋ ಪಾಪ,” ಎಂದರು ತಾಯಿ. ಎದೆ ಮೇಲೆ ಕೈ ಇಟ್ಟುಕೊಂಡು ಒಂದು ನಿಟ್ಟುಸಿರು ಬಿಟ್ಟರು. “ಸರಿ, ಬಂದಿದ್ದೂ ಆಯ್ತು. ನೋಡ್ಕೊಂಡೇ ಹೋಗ್ತೀವಿ. ಯಾವ ರೂಮು?”

ಈಗ ಒಬ್ಬ ರೋಗಿ ಬೇಕಾಯಿತು. ಮೇಡಂ ಸುತ್ತ ನೋಡಿದರು. ಸಾಹೇಬರು ಲಭ್ಯವಿದ್ದರು.

ಮಹಡಿಯ ಕೋಣೆಯಲ್ಲಿ ಮಂಚ ಹಾಕಿ, ಕಿಟಕಿಯ ಪರದೆಯನ್ನೇ ಇಳಿಸಿ ಹೊದಿಸಿ, ಸಾಹೇಬರನ್ನು ಗೋಡೆಯ ಕಡೆ ಮುಖ ಮಾಡಿ ಮಲಗಿಸಿದರು. “ನೀವೇನೂ ಸುಳ್ಳು ಹೇಳ್ಬೇಕಾಗಿಲ್ಲ ಸರ್,” ಎಂದು ಮೇಡಂ ಸಮಾಧಾನ ಮಾಡಿದರು, “ಸುಮ್ಮನೆ ಮಲಗಿ ಅಷ್ಟೆ.” ಆದರೂ ಅವರ ಕಿವಿ ಕೆಂಪಾಗಿತ್ತು. ಅದು ಜ್ವರದ್ದೆಂದು ಸೋದರತ್ತೆಯರು ಮಾತಾಡಿಕೊಂಡರು.

ಆಮೇಲೆ ಜನ ಬರುತ್ತಲೇ ಹೋದರು. ರೇಡಿಯೋದವರು ಹೆಂಡತಿ ಮಕ್ಕಳೊಡನೆ, ತಲೆದಿಂಬು ಫ್ಲಾಸ್ಕು ಸಮೇತ ಬಂದರು. ಕ್ಯಾಷಿಯರ್ ಮಾವನನ್ನು ಕರೆತಂದಿದ್ದರು. ಆ ಮಾವ ಹಿಂದೆ ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್ ಆಗಿದ್ದವರು. ಯಾರ ಅಪ್ಪಣೆಗೂ ಕಾಯದೆ ಸಾಹೇಬರ ಮಣಿಕಟ್ಟು ಹಿಡಿದರು. “ನಾಡಿ ಕುದುರೆ ಥರ ಓಡ್ತಾ ಇದೆ,” ಎಂದರು. “ಮೈಗೆ ಏನೂ ಆಗಿಲ್ಲ ಇವರಿಗೆ. ಯಾವುದನ್ನೋ ಮನಸ್ಸಲ್ಲಿ ಇಟ್ಕೊಂಡು ಕೊರಗ್ತಿದಾರೆ.” ಸಾಹೇಬರು ಹೊದಿಕೆಯೊಳಗೆ ಇನ್ನಷ್ಟು ಜಾರಿದರು.

ಆಗ ಕೆಳಗಡೆ ಮೇಡಂಗೆ ತೀರ ಪರಿಚಯದ ಧ್ವನಿಯೊಂದು ಕೇಳಿಸಿತು. “ನಮ್ಮ ಭಾವ ಎಲ್ಲಪ್ಪಾ? ಮೇಲಾ?”

ಅತ್ತೆ ಬಂದಿದ್ದರು. ಅವರ ಬೆನ್ನಿಗೇ, ಅಂಗಡಿಯ ಶಟರ್ ಅರ್ಧ ಎಳೆದು ಓಡಿಬಂದಿದ್ದ ಮೇಡಂ ಗಂಡ.

ಆ ಮನೆಯಲ್ಲಿ ದೊಡ್ಡಪ್ಪ ಎಂದರೆ ಒಬ್ಬರೇ: ಗಂಡನ ದೊಡ್ಡಪ್ಪ, ಅಂದರೆ ತೀರಿಕೊಂಡ ಮಾವನ ಅಣ್ಣ. ಅತ್ತೆಗೂ ಅವರಿಗೂ ಮಾತು ಬಿಟ್ಟು ಬಹಳ ವರ್ಷಗಳಾಗಿದ್ದವು. ಕಾರಣ ಒಂದು ಬೀರು. ಮನೆ ಭಾಗವಾದಾಗ ಹಳೆಯ ದೊಡ್ಡ ಬೀರು ಅತ್ತೆಯ ಪಾಲಿಗೆ ಬಂತು. ಅದು ಅವರ ಹೊಸ ಮನೆಯ ಬಾಗಿಲಲ್ಲಿ ತೂರಲಿಲ್ಲ. “ಹಾಗಾದ್ರೆ ನನ್ನಲ್ಲೇ ಇರಲಿ” ಎಂದರು ಭಾವ. ಬಾಗಿಲಿನ ಅಳತೆ ಮೊದಲೇ ನೋಡಿಕೊಂಡು, ಬೇಕೆಂದೇ ಅದನ್ನು ತನ್ನ ಪಾಲಿಗೆ ಹಾಕಿದರು ಎಂದು ಅತ್ತೆ ಹಟ ಹಿಡಿದರು. ಮಾತಿಗೆ ಮಾತು ಬೆಳೆದು, ಆವತ್ತು ಮುರಿದದ್ದು ಮತ್ತೆ ಕೂಡಿರಲಿಲ್ಲ.

ಮೇಡಂ ಮೆಟ್ಟಿಲಲ್ಲಿ ಅಡ್ಡ ನಿಂತು, “ಅತ್ತೆ, ಒಂದು ನಿಮಿಷ, ಇವರು ನಮ್ಮೋರಲ್ಲ—” ಎನ್ನುತ್ತಿದ್ದ ಹಾಗೇ ಅತ್ತೆ ಅವರನ್ನು ಬದಿಗೆ ಸರಿಸಿ, “ನೀನು ಮೊದಲೇ ಬಂದುಬಿಟ್ಟಿದೀಯ. ನನಗೊಂದು ಮಾತು ಹೇಳೋಕೆ ಆಗಲಿಲ್ವಾ?” ಎಂದು ಹತ್ತಿ ಹೋದರು.

ಕೋಣೆಯಲ್ಲಿದ್ದವರು ದಾರಿ ಬಿಟ್ಟರು. ಅತ್ತೆ ಸ್ಟೂಲು ಎಳೆದು ಮಂಚದ ಪಕ್ಕ ಕೂತರು. ಹೊದಿಕೆಯ ಗುಡ್ಡವನ್ನು ಸ್ವಲ್ಪ ಹೊತ್ತು ನೋಡಿದರು. ಎಲ್ಲರೂ ಅಳು ಬರುತ್ತದೆ ಎಂದುಕೊಂಡರು.

“ಭಾವ, ನಾನು ಬಂದಿದೀನಿ,” ಎಂದರು. “ಈ ಕಡೆ ತಿರುಗೋದೇನೂ ಬೇಡ. ನಿಮಗೆ ನನ್ನ ಮುಖ ನೋಡೋಕೆ ಆಗಲ್ಲ ಅಂತ ನಂಗೊತ್ತು. ಅಲ್ಲ, ಇದು ನ್ಯಾಯನಾ? ಇಷ್ಟು ವರ್ಷದಿಂದ ನಿಮಗೆ ಏನೇನು ಹೇಳ್ಬೇಕು ಅಂತ ಪಾತ್ರೆ ತೊಳೆಯೋವಾಗ, ಬಟ್ಟೆ ಮಡಿಸೋವಾಗ ಎಲ್ಲಾ ಜೋಡಿಸಿಟ್ಕೊಂಡಿದ್ದೆ. ಈಗ ಹೀಗೆ ಮಲಗಿಬಿಟ್ರೆ ನಾನು ಅದನ್ನೆಲ್ಲ ಯಾರಿಗೆ ಹೇಳಲಿ? ಇವರು ಹೋದ ಮೇಲೆ ನನ್ನ ಮೇಲೆ ದನಿ ಎತ್ತೋಕೆ ಅಂತ ಇದ್ದಿದ್ದು ನೀವೊಬ್ರೇ. ಬಾಗಿಲು ಅಳೆದಿದ್ರೋ ಇಲ್ವೋ, ಅಷ್ಟು ಹೇಳಿಬಿಡಿ.”

ಸಾಹೇಬರು ಅಳತೆ ಮಾಡಿದವರಲ್ಲ. ಯಾವ ಬಾಗಿಲು, ಯಾತರ ಅಳತೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಅತ್ತೆ ಬೀರಿನ ಕಥೆಯನ್ನು ಮೊದಲಿನಿಂದ ಹೇಳತೊಡಗಿದರು. ಅದರ ಕನ್ನಡಿ, ಅದರ ಎಡಗಡೆ ಬಾಗಿಲು ತೆರೆಯುವಾಗ ಆಗುವ ಕಿರ್ರೆನ್ನುವ ಸದ್ದು, ಗಂಡನ ಅಂಗಿಗಳು ಅದರಲ್ಲಿ ಇರುತ್ತಿದ್ದದ್ದು. ಹೇಳುತ್ತ ಹೇಳುತ್ತ ಧ್ವನಿ ಒಡೆಯಿತು. ಸಾಹೇಬರಿಗೆ ತಡೆಯಲಾಗಲಿಲ್ಲ. ಹೊದಿಕೆಯೊಳಗಿಂದಲೇ, “ಬೀರು ನೀವೇ ಇಟ್ಕೊಳ್ಳಿ ತಾಯಿ” ಎಂದುಬಿಟ್ಟರು.

ಅತ್ತೆ ಮಗನ ಕಡೆ ತಿರುಗಿ, “ಧ್ವನಿ ನೋಡೋ, ಎಷ್ಟು ಇಳಿದುಹೋಗಿದೆ. ತಾಯಿ ಅಂತಿದಾರೆ ನನ್ನ,” ಎಂದು ಕಣ್ಣೊರೆಸಿಕೊಂಡರು.

ಮೇಡಂ ಗಂಡ ಹೊರಡುವ ಮುಂಚೆ ದೊಡ್ಡಪ್ಪನ ಮನೆಗೊಂದು ಫೋನು ಮಾಡಿದ್ದರು. ಆ ಕಡೆ ಯಾರೋ ಎತ್ತಿದ ಕೂಡಲೇ, “ದೊಡ್ಡಪ್ಪನಿಗೆ ಸೀರಿಯಸ್ಸಂತೆ, ಊರಾಚೆ ನರ್ಸಿಂಗ್ ಹೋಮಲ್ಲಿದಾರಂತೆ, ನಾವು ಹೊರಟ್ವಿ” ಎಂದು ಒಂದೇ ಉಸಿರಿಗೆ ಹೇಳಿ ಇಟ್ಟಿದ್ದರು. ಫೋನು ಎತ್ತಿದ್ದು ದೊಡ್ಡಪ್ಪನೇ. ಅವರು ಸ್ವಲ್ಪ ಹೊತ್ತು ಯೋಚಿಸಿ, ಬೂಟು ಹಾಕಿಕೊಂಡು, ಕೋಲು ಹಿಡಿದು, ಬಸ್ಸು ಹತ್ತಿ ಬಂದಿದ್ದರು. ಈಗ ಕೆಳಗೆ ಹಾಲಿನಲ್ಲಿ ನಿಂತು ವೀಕ್ಷಕರನ್ನು ಕೇಳುತ್ತಿದ್ದರು.

“ನಾನು ಯಾವ ರೂಮಲ್ಲಿದೀನಿ?”

ವೀಕ್ಷಕರು ಮೇಲೆ ಬೆರಳು ತೋರಿಸಿದರು.

ಕೋಲಿನ ಸದ್ದು ಮೆಟ್ಟಿಲು ಹತ್ತಿತು. ದೊಡ್ಡಪ್ಪ ಬಾಗಿಲಲ್ಲಿ ನಿಂತು ಮಂಚ ನೋಡಿದರು, ತಮ್ಮನ ಹೆಂಡತಿಯನ್ನು ನೋಡಿದರು. ಅತ್ತೆ ಕಣ್ಣೀರು ಒರೆಸುತ್ತಿದ್ದ ಕೈಯನ್ನು ಹಾಗೇ ಮುಖದ ಮೇಲೆ ಹಿಡಿದು ಕೂತರು.

“ದೊಡ್ಡಪ್ಪಾ,” ಎಂದು ತೊದಲಿದರು ಮೇಡಂ ಗಂಡ, “ನೀವು ಈಗಷ್ಟೇ ಬೀರು ಅಮ್ಮನಿಗೆ ಕೊಟ್ರಿ.”

“ಕೊಟ್ಟೋನು ಯಾರು ಅಂತ ಸ್ವಲ್ಪ ನೋಡೋಣ,” ಎಂದು ದೊಡ್ಡಪ್ಪ ಕೋಲಿನ ತುದಿಯಿಂದ ಹೊದಿಕೆ ಎತ್ತಿದರು. ಸಾಹೇಬರು ಎದ್ದು ಕೂತರು. ಅವರ ಮೈಮೇಲೆ ಇಸ್ತ್ರಿ ಮಾಡಿದ ಕೋಟು ಇತ್ತು; ಟೈ ಮಾತ್ರ ಒಂದು ಕಿವಿಯ ಮೇಲೆ ಹೋಗಿತ್ತು. “ನಮಸ್ಕಾರ,” ಎಂದರು.

ಮೇಡಂ ಮುಂದೆ ಬಂದರು. ಎಲ್ಲರ ಕಣ್ಣುಗಳೂ ಅವರ ಮೇಲಿದ್ದವು. ನದಿಗೆ ದೊಡ್ಡ ಪ್ರವಾಹ ಬಂದು ತಮ್ಮ ಆಫೀಸು ಮುಳುಗಿದರೆ ಕೆಲಸ ಹೇಗೆ ನಡೆಸಬೇಕು ಎಂದು ಮೇಲಿನವರು ಒಂದು ಪರೀಕ್ಷೆ ಇಟ್ಟಿದ್ದಾರೆ, ಕರೆಸುವುದಕ್ಕೆ ಒಂದು ಮಾತು ಬೇಕಿತ್ತು, ತಪ್ಪಾಯಿತು, ಎಂದರು.

“ಪ್ರವಾಹ ಬಂದ್ರೆ ಪ್ರವಾಹ ಬಂತು ಅಂತ ಹೇಳ್ಬೇಕಮ್ಮ,” ಎಂದರು ಮೌನಿಯ ತಾಯಿ. “ದೊಡ್ಡಪ್ಪನ್ನ ಯಾಕೆ ಮಲಗಿಸ್ತೀರಾ?”

ಅಷ್ಟರಲ್ಲಿ ಅತ್ತೆ ಎದ್ದು ದೊಡ್ಡಪ್ಪನ ಮುಂದೆ ನಿಂತಿದ್ದರು.

“ಹಾಗಾದ್ರೆ ನೀವು ಚೆನ್ನಾಗಿದೀರಾ?”

“ಚೆನ್ನಾಗಿದೀನಿ.”

“ಕೋಲು ಯಾಕೆ?”

“ಮಂಡಿ ನೋವು.”

“ಮಂಡಿ ನೋವಿಟ್ಕೊಂಡು ಮೆಟ್ಟಿಲು ಯಾಕೆ ಹತ್ತಿದ್ರಿ? ನನ್ನ ಕೆಳಗೇ ಕರೆಸಬಾರದಾಗಿತ್ತಾ?”

ದೊಡ್ಡಪ್ಪ ಸ್ಟೂಲಿನ ಮೇಲೆ ಕೂತು ಉಸಿರು ತೆಗೆದುಕೊಂಡರು. “ಅಳೆದಿರಲಿಲ್ಲ,” ಎಂದರು. “ಕೇಳಿಸ್ತು ನಂಗೆ, ಕೆಳಗೆ ಹಾಲಿನಲ್ಲಿದ್ದಾಗಲೇ. ಬಾಗಿಲು ಅಳೆದಿರಲಿಲ್ಲ. ಅಳೆದಿದ್ರೆ ಆ ಕೂಲಿಯೋರ ಕೈಲಿ ಅದನ್ನ ಹೊರಿಸ್ತಿದ್ನಾ? ವಾಪಸ್ ತರೋವಾಗ ದಾರಿಯಲ್ಲಿ ಕನ್ನಡಿ ಒಡೆದು ಹೋಯ್ತಲ್ಲ.”

“ಕನ್ನಡಿ ಒಡೀತಾ?” ಎಂದರು ಅತ್ತೆ. ಹೊಸ ಜಗಳವೊಂದು ಅವರ ಮುಖದ ಮೇಲೆ ಬೆಳಕಿನಂತೆ ಹರಡಿತು.

ಹೇಗೂ ಎಲ್ಲರೂ ಬಂದಾಗಿತ್ತು. ಊಟದ ಹೊತ್ತೂ ಆಗುತ್ತಿತ್ತು. ಬ್ರೆಡ್ಡಿನ ವ್ಯಾನಿನಲ್ಲಿ ಹಂಚದೆ ಉಳಿದ ಬ್ರೆಡ್ಡಿತ್ತು. ಸೋದರತ್ತೆಯರು ಅಡುಗೆಮನೆ ಹೊಕ್ಕು, ಅಲ್ಲಿನ ಧೂಳು ನೋಡಿ, “ಇದರಲ್ಲಿ ಪ್ರವಾಹದ ಜನ ಬೇಯಿಸ್ಕೊಂಡು ತಿನ್ನೋದಾ?” ಎಂದು ಪೊರಕೆ ಹುಡುಕಿದರು. ಯಾರೋ ಹೋಗಿ ಆಲೂಗೆಡ್ಡೆ, ಮೊಟ್ಟೆ ತಂದರು. ಯೋಜನೆಯಲ್ಲಿ ‘ಸುಸ್ಥಿತಿಯಲ್ಲಿದೆ’ ಎಂದು ಮೇಡಂ ಬರೆದಿದ್ದ ಜನರೇಟರಿನೊಳಗೆ ಹಕ್ಕಿಗೂಡು ಇರುವುದು ಮೌನಿಯ ಭಾವಮೈದುನನಿಗೆ ಕಂಡಿತು. ಅವನು ಅದನ್ನು ಜೋಪಾನವಾಗಿ ಮರದ ಮೇಲಿಟ್ಟು, ಬಗ್ಗಿ ಎಷ್ಟೋ ಹೊತ್ತು ಎಳೆದಾಡಿ ಜನರೇಟರ್ ಓಡಿಸಿದ. ನಿವೃತ್ತ ಕಾಂಪೌಂಡರ್ ತೊಟ್ಟಿಯ ನೀರು ಮೂಸಿ ನೋಡಿ ಕುಡಿಯಬೇಡಿ ಎಂದರು. ಮಂಚಗಳು ಸಾಲಾಗಿ ನಿಂತವು, ಕಿಟಕಿಗಳು ತೆರೆದವು. ಹಾಲಿನಲ್ಲಿ ದೊಡ್ಡಪ್ಪನೂ ಅತ್ತೆಯೂ ಆಲೂಗೆಡ್ಡೆ ಸುಲಿಯುತ್ತ, ಕೂಲಿಯವರನ್ನು ಗೊತ್ತು ಮಾಡಿದ್ದು ಯಾರು ಎಂದು ವಾದಿಸುತ್ತಿದ್ದರು.

ಊಟವಾದ ಮೇಲೆ ವೀಕ್ಷಕರು ಕಚೇರಿಯವರನ್ನು ಮಾತ್ರ ಆಪರೇಷನ್ ಥಿಯೇಟರಿಗೆ ಕರೆದು ಬಾಗಿಲು ಹಾಕಿಸಿದರು. ಅವರ ಅಂಗಿಯ ಮೇಲೆ ಬ್ರೆಡ್ಡಿನ ಪುಡಿ ಇತ್ತು. ಕೆಲಸ ಹೋಯಿತು ಎಂದು ಮೇಡಂಗೆ ಖಾತ್ರಿಯಾಗಿತ್ತು.

“ನಾನು ಬಹಳ ಶಾಖೆ ನೋಡಿದೀನಿ,” ಎಂದರು ವೀಕ್ಷಕರು. “ಎಲ್ಲ ಕಡೆ ಸಿಬ್ಬಂದಿ ನೀಟಾಗಿ, ಒಬ್ಬೊಬ್ಬರೇ ಬಂದು ಕೂತ್ರು. ಇಲ್ಲೊಂದು ಕಡೆ ಮಾತ್ರ ಹೀಗಾಗಿದ್ದು. ಒಂದು ಪ್ರಶ್ನೆ ಕೇಳ್ತೀನಿ. ನಿಜವಾಗ್ಲೂ ಯುದ್ಧ ಬಂದು, ಊರ ಮೇಲೆ ಬಾಂಬು ಬೀಳ್ತಿರೋವಾಗ, ಈ ಮಾತು ಬಾಗಿಲಿಗೆ ಬಂದ್ರೆ, ಇವರನ್ನೆಲ್ಲ ಮನೇಲಿ ಬಿಟ್ಟು ಇಲ್ಲಿಗೆ ಬಂದು ರೇಡಿಯೋ ಮುಂದೆ ಕೂರ್ತೀರಾ?”

ಹೂಂ ಎನ್ನುವುದು ಸುಲಭವಿತ್ತು. ಕೆಲಸಕ್ಕೆ ಸೇರುವಾಗ ಎಲ್ಲರೂ ಹೂಂ ಎಂದೇ ಬರೆದುಕೊಟ್ಟಿದ್ದರು. ಮೇಡಂ ಬಾಯಿ ತೆರೆದವರು ಮುಚ್ಚಿದರು. ಬೆಳಿಗ್ಗೆ ಕೆಳಗಿನಿಂದ ಅತ್ತೆಯ ಧ್ವನಿ ಕೇಳಿದ ಕ್ಷಣ ಅವರ ತಲೆಗೆ ಮೊದಲು ಬಂದದ್ದು ಯೋಜನೆ ಕೆಟ್ಟಿತೆಂದಲ್ಲ, ಅತ್ತೆ ಬಿಪಿ ಮಾತ್ರೆ ನುಂಗಿ ಬಂದಿದ್ದಾರೋ ಇಲ್ಲವೋ ಎಂದು.

“ಬರಲ್ಲ,” ಎಂದ ಮೌನಿ.

ಎಲ್ಲರೂ ಅವನ ಕಡೆ ತಿರುಗಿದರು. ಅವನು ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತ ಮತ್ತೆ ಹೇಳಿದ: “ಅವರು ಅಲ್ಲಿದ್ರೆ ನಾನು ಬರಲ್ಲ ಸರ್. ಬಂದ್ರೂ ಅಂಕಿ ತಪ್ಪುತ್ತೆ. ಇಲ್ಲಿದ್ರೆ ಬರ್ತೀನಿ.”

ಅವನು ಆ ಕಚೇರಿಯಲ್ಲಿ ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಸಾಹೇಬರು ಟೈ ಸರಿಮಾಡಿಕೊಂಡು, “ನಂದೂ ಅದೇ ಮಾತು” ಎಂದರು. ಅವರ ಕಿವಿ ಈಗ ಮಾಮೂಲಿ ಬಣ್ಣದಲ್ಲಿತ್ತು. ಕ್ಯಾಷಿಯರೂ “ನಂದೂ” ಎಂದರು.

“ಇದನ್ನೇ ಬರೀರಿ,” ಎಂದರು ವೀಕ್ಷಕರು. “ಉಳಿದ ಶಾಖೆಯೋರು ಬರೆದು ಕೊಟ್ಟಿರೋದೆಲ್ಲ ಚೆನ್ನಾಗಿದೆ, ಆದ್ರೆ ಅವರು ಬರಲ್ಲ. ನೀವು ಬರ್ತೀರಿ, ಬೇಡ ಅಂದ್ರೂ ಬರ್ತೀರಿ. ದೊಡ್ಡಪ್ಪನ್ನ ಮಾತ್ರ ಬದಲಾಯಿಸಿ.”

ಮೇಡಂ ಹೊಸ ಯೋಜನೆ ಬರೆದರು. ಯುದ್ಧಕಾಲದಲ್ಲಿ ಸಿಬ್ಬಂದಿ ಕುಟುಂಬ ಸಮೇತ ಬದಲಿ ಜಾಗಕ್ಕೆ ಬರತಕ್ಕದ್ದು. ಕುಟುಂಬದವರಿಗೆ ಮಹಡಿ, ಕೆಲಸಕ್ಕೆ ಆಪರೇಷನ್ ಥಿಯೇಟರ್. ಹೊರಗಿನವರಿಗೆ ಪ್ರವಾಹ ಪರಿಹಾರ ಕೇಂದ್ರ. ಕೇಂದ್ರ ಕಚೇರಿಯವರು ಮೊದಲು ಹುಬ್ಬೇರಿಸಿ, ಆಮೇಲೆ ವೀಕ್ಷಕರ ಟಿಪ್ಪಣಿ ನೋಡಿ ಒಪ್ಪಿದರು. ಕರೆಯುವ ಮಾತು ಈಗ, “ನೀರು ಬಂತು.” ಬೇಸಿಗೆಯಾದರೂ ಪರವಾಗಿಲ್ಲ, ಆ ಊರಿನಲ್ಲಿ ನೀರು ಬಂತು ಎಂದರೆ ಯಾರಾದರೂ ಕೈಲಿದ್ದ ಕೆಲಸ ಬಿಟ್ಟು ಓಡುತ್ತಾರೆ ಎಂದು ಡ್ರೈವರ್ ಹೇಳಿದ. ಮುಂದಿನ ಒಂದು ಪರೀಕ್ಷೆಯಲ್ಲಿ ಅವನು ಸಾಹೇಬರ ಮನೆಗೆ ಹೋಗಿ ಹೇಳಿದಾಗ ಅವರ ಹೆಂಡತಿ ಬಿಂದಿಗೆ ಹಿಡಿದೇ ಹೊರಬಂದರು.

ಯುದ್ಧ ಬರಲಿಲ್ಲ. ಎರಡು ದೇಶದ ಮಂತ್ರಿಗಳು ಎಲ್ಲೋ ಕೂತು ಮಾತಾಡಿದರು, ಗಡಿಯಾಚೆಯ ರೇಡಿಯೋದಲ್ಲಿ ಮತ್ತೆ ಹಾಡು ಕೇಳಿಸತೊಡಗಿತು. ಆದರೆ ಯೋಜನೆಯನ್ನು ಚಾಲ್ತಿಯಲ್ಲಿಡಬೇಕೆಂಬ ನಿಯಮವಿತ್ತು. ಹಾಗಾಗಿ ಎಲ್ಲ ಮನೆಯವರೂ ಆಗಾಗ ಒಂದು ಭಾನುವಾರ ನರ್ಸಿಂಗ್ ಹೋಮಿಗೆ ಬಂದು ಗುಡಿಸಿ, ಜನರೇಟರ್ ಓಡಿಸಿ, ಅಲ್ಲೇ ಉಂಡು ಹೋಗುತ್ತಾರೆ. ದೊಡ್ಡಪ್ಪನೂ ಬರುತ್ತಾರೆ, ನೀರಿನ ಇಲಾಖೆಯವರು ಇಷ್ಟು ಶಿಸ್ತಿನವರೆಂದು ತಮಗೆ ಗೊತ್ತಿರಲಿಲ್ಲ ಎನ್ನುತ್ತಾರೆ. ಇಡೀ ಯೋಜನೆಯಲ್ಲಿ ಮೇಡಂಗೆ ಇನ್ನೂ ಬಗೆಹರಿಯದೆ ಉಳಿದಿರುವುದು ಒಂದೇ: ಮಹಡಿಯಲ್ಲಿ ಬಚ್ಚಲಿಗೆ ಹತ್ತಿರದ ರೂಮು ಯಾರಿಗೆ ಎಂಬುದು. ಮಂಡಿ ನೋವಿನವರಿಗೆ ಎಂದು ಒಂದು ಪಂಗಡ, ಮಕ್ಕಳಿರುವವರಿಗೆ ಎಂದು ಇನ್ನೊಂದು. ಕೇಂದ್ರ ಕಚೇರಿಯನ್ನು ಕೇಳೋಣವೆಂದರೆ ಅದನ್ನು ಸಂಕೇತ ಭಾಷೆಯಲ್ಲಿ ಹೇಗೆ ಕಳಿಸುವುದೆಂದು ಮೌನಿಗೂ ತಿಳಿಯುತ್ತಿಲ್ಲ.